ಮೋಟರಿಗಿಂತ ಮೊದಲು ಫೆನ್ಸ್ ನೋಡಿ: ಹವ್ಯಾಸಿ ಮರಗೆಲಸಕ್ಕೆ ಟೇಬಲ್ ಸಾ ಆರಿಸುವ ಸಮಗ್ರ ಮಾರ್ಗದರ್ಶಿ

ಮೇಜಿನ ನಡುವಿನಿಂದ ಮೇಲೆದ್ದು ತಿರುಗುವ ಗರಗಸದ ಬ್ಲೇಡಿಗೆ ಹಲಗೆಯನ್ನು ತಳ್ಳಿ ಕೊಯ್ಯುವ ಯಂತ್ರವೇ ಟೇಬಲ್ ಸಾ. ಅದನ್ನು ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಎಚ್‌ಪಿ?’ ಎಂದು. ನಾನೂ ಹಾಗೆಯೇ ಕೇಳಿ, ಮೋಟರಿನ ಬಲವನ್ನಷ್ಟೇ ನೋಡಿ ನನ್ನ ಮೊದಲ ಯಂತ್ರವನ್ನು ತಂದೆ. ಅದು ಗಟ್ಟಿ ಮರವನ್ನೂ ಸಲೀಸಾಗಿ ಸೀಳುತ್ತಿತ್ತು. ಆದರೆ ಫೆನ್ಸನ್ನು, ಎಂದರೆ ಹಲಗೆಯನ್ನು ಆನಿಸಿ ತಳ್ಳುವ ಉದ್ದನೆಯ ಪಟ್ಟಿಯನ್ನು, ಬಿಗಿ ಮಾಡಿದಾಗಲೆಲ್ಲ ಅದರ ಹಿಂದಿನ ತುದಿ ಒಂದೆರಡು ಮಿಲಿಮೀಟರ್ ಆಚೀಚೆ ಸರಿಯುತ್ತಿದ್ದುದರಿಂದ, ಪ್ರತಿ ಕೊಯ್ತಕ್ಕೂ ಮುನ್ನ ಬ್ಲೇಡಿನ ಮುಂದೊಮ್ಮೆ ಹಿಂದೊಮ್ಮೆ ಅಳತೆಪಟ್ಟಿ ಹಿಡಿಯುವುದೇ ನನ್ನ ಕೆಲಸವಾಯಿತು. ತಿರುಗುವ ಬ್ಲೇಡ್ ಎಷ್ಟೋ ಯಂತ್ರಗಳಲ್ಲಿದೆ. ಹಲಗೆಯನ್ನು ಆ ಬ್ಲೇಡಿಗೆ ಸಮಾಂತರವಾಗಿ, ಅಲುಗಾಡದಂತೆ ನಡೆಸಿಕೊಂಡು ಹೋಗುವುದರಲ್ಲಿ ಟೇಬಲ್ ಸಾ ಯಂತ್ರದ ನಿಜವಾದ ಯೋಗ್ಯತೆಯಿದೆ. ಆದ್ದರಿಂದ ಈ ಬರಹದಲ್ಲಿ ಮೋಟರಿನ ಸರದಿ ತಡವಾಗಿ ಬರುತ್ತದೆ.

ಹಂತ 1: ಮಾಡಲಿರುವ ಕೆಲಸವನ್ನು ಬರೆದಿಡಿ

ಮುಂದಿನ ಒಂದು ವರ್ಷದಲ್ಲಿ ನೀವು ನಿಜವಾಗಿ ಮಾಡಬೇಕೆಂದಿರುವ ವಸ್ತುಗಳನ್ನು ಕಾಗದದ ಮೇಲೆ ಬರೆಯಿರಿ. ಪ್ರತಿಯೊಂದರ ಎದುರಿಗೆ ಅದಕ್ಕೆ ಬೇಕಾಗುವ ಅತಿ ಅಗಲದ ತುಂಡು, ಅತಿ ದಪ್ಪದ ಮರ ಮತ್ತು ಅತಿ ಉದ್ದದ ಹಲಗೆ ಎಷ್ಟೆಂದು ನಮೂದಿಸಿ. ಮುಂದಿನ ನಿರ್ಧಾರಗಳೆಲ್ಲ ಈ ಮೂರು ಅಂಕಿಗಳ ಮೇಲೆಯೇ ನಿಲ್ಲುತ್ತವೆ.

ಈ ಯಂತ್ರ ಎಲ್ಲಕ್ಕಿಂತ ಚೆನ್ನಾಗಿ ಮಾಡುವ ಕೆಲಸ, ಮರವನ್ನು ಎಳೆಯ ಉದ್ದಕ್ಕೆ ಸೀಳುವುದು; ಅದರಲ್ಲೂ ಒಂದೇ ಅಗಲದ ಇಪ್ಪತ್ತು ಪಟ್ಟಿಗಳನ್ನು ಒಂದೇ ಹೊಂದಿಕೆಯಲ್ಲಿ ತೆಗೆಯುವುದು. ಚಿಕ್ಕ ಹಲಗೆಗಳನ್ನು ಚೌಕ ಮಾಡಲು, ಅಂಚಿನಲ್ಲಿ ಗ್ರೂವ್ (ಉದ್ದನೆಯ ತೋಡು) ತೆಗೆಯಲು, ಓರೆ ಕೊಯ್ಯಲು ಸಹ ಇದಕ್ಕೆ ಸರಿಸಾಟಿಯಾದದ್ದು ಕಡಿಮೆ. ಆದರೆ ನಿಮ್ಮ ಪಟ್ಟಿಯ ತುಂಬ ಪ್ಲೈವುಡ್ ಬೀರುಗಳೇ ಇದ್ದರೆ, 1220 × 2440 ಮಿ.ಮೀ. ಅಳತೆಯ ಇಡೀ ಹಾಳೆಯನ್ನು ಒಬ್ಬರೇ ಮೇಜಿನ ಮೇಲೆ ತಳ್ಳುವುದಕ್ಕಿಂತ, ಹಾಳೆಯನ್ನು ನೆಲದ ಮೇಲೆ ಮಲಗಿಸಿ ಹಳಿಯ ಮೇಲೆ ಓಡುವ ಟ್ರ್ಯಾಕ್ ಸಾದಿಂದ ಕೊಯ್ಯುವುದು ಸುಲಭವೂ ಸುರಕ್ಷಿತವೂ ಹೌದು. ಬಾಗಿದ ಆಕಾರಗಳನ್ನು ಕೊಯ್ಯುವುದು, ದಪ್ಪ ತುಂಡನ್ನು ತೆಳು ಹಲಗೆಗಳಾಗಿ ಸೀಳುವುದು ಹೆಚ್ಚಾಗಿದ್ದರೆ ಪಟ್ಟಿಯಂಥ ಬ್ಲೇಡ್ ಸುತ್ತುವ ಬ್ಯಾಂಡ್ ಸಾ ಕೊಳ್ಳಿ. ಟೇಬಲ್ ಸಾ ಇಲ್ಲದ ಕಾರ್ಯಾಗಾರ ಅಪೂರ್ಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ; ಬ್ಯಾಂಡ್ ಸಾ ಮತ್ತು ಹರಿತವಾದ ಕೀಸುಳಿಯಿಂದ ಅಚ್ಚುಕಟ್ಟಾದ ಪೀಠೋಪಕರಣ ಮಾಡುವವರನ್ನು ಕಂಡಿದ್ದೇನೆ.

ಹಂತ 2: ಜಾಗವನ್ನು ಅಳೆಯಿರಿ, ಯಂತ್ರವನ್ನಲ್ಲ

ಕ್ಯಾಟಲಾಗಿನಲ್ಲಿ ಕೊಟ್ಟ ಉದ್ದ ಅಗಲ ನಿಮಗೆ ಬೇಕಾದ ಜಾಗದ ಒಂದು ಪಾಲು ಮಾತ್ರ. 2.4 ಮೀಟರ್ ಉದ್ದದ ಹಲಗೆಯನ್ನು ಸೀಳಬೇಕಾದರೆ ಬ್ಲೇಡಿನ ಮುಂದೆ ಅಷ್ಟು, ಹಿಂದೆ ಅಷ್ಟು, ನೀವು ನಿಲ್ಲಲು ಇನ್ನಷ್ಟು, ಒಟ್ಟು ಐದೂವರೆ ಮೀಟರಿನಷ್ಟು ನೇರ ದಾರಿ ಬೇಕು. ಕೋಣೆ ಅಷ್ಟಿಲ್ಲದಿದ್ದರೆ ಬಾಗಿಲಿಗೆ ನೇರವಾಗಿ ಯಂತ್ರವನ್ನು ನಿಲ್ಲಿಸಿ, ಹಲಗೆಯ ತುದಿ ಹೊರಗೆ ಹೋಗುವಂತೆ ಮಾಡಬಹುದು. ಗಾಲಿಗಳ ಮೇಲಿಟ್ಟು, ಕೆಲಸವಿಲ್ಲದಾಗ ಗೋಡೆಗೆ ಒತ್ತಬಹುದು. ಗಾಲಿಗಳ ಚೌಕಟ್ಟು ಬಿಗಿ ಮಾಡಿದ ಮೇಲೆ ಕಿಂಚಿತ್ತೂ ಕದಲಬಾರದು. ಬ್ಲೇಡಿನ ಆಚೆ ಹಲಗೆಯನ್ನು ಹೊರಲು ಅದೇ ಎತ್ತರದ ಇನ್ನೊಂದು ಮೇಜು ಬೇಕೆಂಬುದನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಅದಿಲ್ಲದಿದ್ದರೆ ಉದ್ದನೆಯ ಹಲಗೆಯ ತುದಿ ಕೆಳಗೆ ಜೋತು ಬೀಳುತ್ತದೆ, ಅದನ್ನು ಹಿಡಿಯಲು ನೀವು ಬ್ಲೇಡಿನ ಮೇಲಿನಿಂದ ಬಗ್ಗುತ್ತೀರಿ, ಅಪಘಾತಕ್ಕೆ ಅಷ್ಟೇ ಸಾಕು.

ಹಂತ 3: ವರ್ಗವನ್ನು ನಿರ್ಧರಿಸಿ

ಜಾಬ್‌ಸೈಟ್ ಅಥವಾ ಬೆಂಚ್‌ಟಾಪ್ ಎನ್ನುವ ಚಿಕ್ಕ ಯಂತ್ರಗಳು ಸಾಮಾನ್ಯವಾಗಿ 20ರಿಂದ 45 ಕೆ.ಜಿ. ತೂಗುತ್ತವೆ. ಇವುಗಳಲ್ಲಿ ಅಲ್ಯೂಮಿನಿಯಂ ಮೇಜು ಮತ್ತು ಕಾರ್ಬನ್ ಬ್ರಷ್ ಇರುವ ಯೂನಿವರ್ಸಲ್ ಮೋಟರು ಇರುತ್ತದೆ. ಸದ್ದು ಕಿವಿ ಗಡಚಿಕ್ಕುವಷ್ಟು. ಎತ್ತಿ ಗೂಡಿನಲ್ಲಿಡಬೇಕಾದ ಅನಿವಾರ್ಯತೆ ಇದ್ದರೆ ಇವೇ ಗತಿ, ಮತ್ತು ಈಚಿನ ಒಳ್ಳೆಯ ಮಾದರಿಗಳು ಹವ್ಯಾಸಿಯ ಬಹುಪಾಲು ಕೆಲಸವನ್ನು ಮಾಡಿಕೊಡುತ್ತವೆ. ಇವುಗಳಲ್ಲಿ ಎರಡು ಕೊರತೆಗಳು ಮಾತ್ರ ಉಳಿಯುತ್ತವೆ: ಬ್ಲೇಡಿನ ಮುಂದೆ ಮೇಜಿನ ಉದ್ದ ಕಡಿಮೆ, ತೂಕವಿಲ್ಲದ್ದರಿಂದ ಭಾರದ ಹಲಗೆ ತಳ್ಳುವಾಗ ಇಡೀ ಯಂತ್ರವೇ ಜರುಗೀತು.

ಕಾಂಟ್ರಾಕ್ಟರ್ ಮಾದರಿಯಲ್ಲಿ ಮೋಟರು ಹಿಂದಕ್ಕೆ ಹೊರಚಾಚಿ ಬೆಲ್ಟಿನಿಂದ ಬ್ಲೇಡನ್ನು ತಿರುಗಿಸುತ್ತದೆ. ಹಿಂಭಾಗ ತೆರೆದಿರುವುದರಿಂದ ಹೊಟ್ಟು ಹಿಡಿಯುವುದು ಕಷ್ಟ. ಅದೇ ಬಗೆಯ 1.5ರಿಂದ 2 ಎಚ್‌ಪಿಯ ಬ್ರಷ್ ಇಲ್ಲದ ಇಂಡಕ್ಷನ್ ಮೋಟರನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸಿದರೆ ಹೈಬ್ರಿಡ್ ಆಯಿತು. ಜಾಗ ಇರುವ ಹವ್ಯಾಸಿಗೆ ನಾನು ಮೊದಲು ಸೂಚಿಸುವುದು ಈ ಹೈಬ್ರಿಡನ್ನೇ: ಎರಕದ ಕಬ್ಬಿಣದ ಮೇಜು, ಸಹಿಸಬಹುದಾದ ಸದ್ದು, ಸಾಧಾರಣ ವಿದ್ಯುತ್ ಸಂಪರ್ಕ ಎಲ್ಲವೂ ಇದರಲ್ಲಿ ಕೂಡಿಬರುತ್ತವೆ.

ಕ್ಯಾಬಿನೆಟ್ ಸಾ 3ರಿಂದ 5 ಎಚ್‌ಪಿಯ, ಇನ್ನೂರು ಕೆ.ಜಿ.ಗೂ ಮೀರಿ ತೂಗಬಲ್ಲ ಯಂತ್ರ. ಸಂತೋಷ ಕೊಡುತ್ತದೆ, ನಿಜ. ಆದರೆ ವಾರಕ್ಕೆ ನಾಲ್ಕು ಗಂಟೆ ಕೆಲಸ ಮಾಡುವವರಿಗೆ ಅದು ಅಗತ್ಯಕ್ಕಿಂತ ಆಸೆಯೇ ಹೆಚ್ಚು. ಐದನೆಯ ಬಗೆ, ಬ್ಲೇಡಿನ ಪಕ್ಕದಲ್ಲೇ ಮೇಜಿನ ಒಂದು ಭಾಗ ಜಾರುವ ಸ್ಲೈಡಿಂಗ್ ಸಾ. 1906ರಲ್ಲಿ ಬರ್ಲಿನ್ನಿನ ವಿಲ್‌ಹೆಲ್ಮ್ ಆಲ್ಟೆಂಡಾರ್ಫ್ ಆರಂಭಿಸಿದ ಈ ಪದ್ಧತಿಯಲ್ಲಿ ಹಲಗೆ ಗಾಡಿಯ ಮೇಲೆ ಕುಳಿತು ಸಾಗುತ್ತದೆ, ಕೈ ಬ್ಲೇಡಿನಿಂದ ದೂರವಿರುತ್ತದೆ. ದೊಡ್ಡ ಮಾದರಿಗಳು ಮನೆಯ ಕೋಣೆಗೆ ಹಿಡಿಯುವುದಿಲ್ಲ, ಆದರೆ ಗಾಡಿ ಒಂದೂಕಾಲು ಮೀಟರಿನಷ್ಟು ಮಾತ್ರ ಚಲಿಸುವ ಚಿಕ್ಕವೂ ಇವೆ.

ಹಂತ 4: ಫೆನ್ಸನ್ನು ಪರೀಕ್ಷಿಸಿ

ಇಲ್ಲಿ ಆತುರ ಬೇಡ. ಒಳ್ಳೆಯ ಫೆನ್ಸಿನ ಲಕ್ಷಣ ಒಂದೇ: ಎಲ್ಲಿಗೆ ಸರಿಸಿ ಬಿಗಿ ಮಾಡಿದರೂ ಅದು ಬ್ಲೇಡಿಗೆ ತಾನಾಗಿಯೇ ಸಮಾಂತರವಾಗಿ ನಿಲ್ಲಬೇಕು. ಮುಂದಿನ ಹಳಿಯೊಂದರ ಮೇಲೆಯೇ ಭದ್ರವಾಗಿ ಕೂರುವ, ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಫೆನ್ಸನ್ನು ಅಮೆರಿಕದ ಬಿಲ್ ಬೀಸ್ಮೇಯರ್ ರೂಪಿಸಿದ ಮೇಲೆ ದೊಡ್ಡ ಯಂತ್ರಗಳಲ್ಲಿ ಅದೇ ಮಾದರಿ ಬೇರೂರಿತು; ತಲೆಭಾಗ ಅಗಲವಾಗಿದ್ದು ಹಳಿಯನ್ನು ಎರಡು ಕಡೆ ಅಪ್ಪಿ ಹಿಡಿಯುವುದರಿಂದ ಬಾಲ ಓಲಾಡುವುದಿಲ್ಲ. ಚಿಕ್ಕ ಯಂತ್ರಗಳಲ್ಲಿ ಮುಂದೆಯೂ ಹಿಂದೆಯೂ ಹಲ್ಲುಪಟ್ಟಿಯ ಮೇಲೆ ಒಟ್ಟಿಗೆ ಚಲಿಸುವ ರ‍್ಯಾಕ್ ಅಂಡ್ ಪಿನಿಯನ್ ವ್ಯವಸ್ಥೆ ಇದ್ದರೆ ಅದನ್ನೇ ಆರಿಸಿ. ಇಷ್ಟು ಹಗುರವಾದ ಯಂತ್ರದಲ್ಲಿ ಸಮಾಂತರವನ್ನು ಕಾಯ್ದುಕೊಳ್ಳಲು ನನಗೆ ತಿಳಿದಂತೆ ಅದಕ್ಕಿಂತ ನಂಬಿಕೆಯ ಉಪಾಯವಿಲ್ಲ.

ಪರೀಕ್ಷೆ ಹೀಗೆ. ಮೇಜಿನಲ್ಲಿ ಮೈಟರ್ ಗೇಜ್ (ಹಲಗೆಯನ್ನು ಬೇಕಾದ ಕೋನದಲ್ಲಿ ಆನಿಸಿ ತಳ್ಳುವ ಸಾಧನ) ಓಡುವ ಕಾಲುವೆ ಇರುತ್ತದಲ್ಲ, ಫೆನ್ಸನ್ನು ಅದರ ಅಂಚಿಗೆ ತಂದು ಬಿಗಿ ಮಾಡಿ, ಮುಂದೆಯೂ ಹಿಂದೆಯೂ ಬೆರಳಿನಿಂದ ತಡವಿ ನೋಡಿ. ಕಾಲುವೆಯ ಅಂಚು ಮತ್ತು ಫೆನ್ಸಿನ ಅಂಚು ಎರಡೂ ಕಡೆ ಒಂದೇ ರೀತಿ ಕೂಡಬೇಕು. ಸಡಿಲಿಸಿ, ದೂರ ಸರಿಸಿ, ಮತ್ತೆ ತಂದು ಬಿಗಿ ಮಾಡಿ. ಹೀಗೆ ಐದಾರು ಬಾರಿ ಮಾಡಿದಾಗ ಪ್ರತಿ ಸಲವೂ ಒಂದೇ ಫಲ ಬಂದರೆ ಫೆನ್ಸ್ ಒಳ್ಳೆಯದು. ಪ್ರತಿ ಸಲವೂ ಒಂದೇ ಪ್ರಮಾಣದ ತಪ್ಪು ಬಂದರೆ ಅದೂ ಚಿಂತೆಯ ವಿಷಯವಲ್ಲ, ಸ್ಕ್ರೂ ತಿರುಗಿಸಿ ಸರಿಪಡಿಸಬಹುದು. ಒಂದೊಂದು ಸಲ ಒಂದೊಂದು ರೀತಿ ಬಂದರೆ ಆ ಯಂತ್ರವನ್ನು ಅಲ್ಲಿಯೇ ಬಿಟ್ಟು ಬನ್ನಿ. ಕೊನೆಗೆ ಬಿಗಿ ಮಾಡಿದ ಫೆನ್ಸಿನ ಹಿಂದಿನ ತುದಿಯನ್ನು ಅಂಗೈಯಿಂದ ಪಕ್ಕಕ್ಕೆ ಒತ್ತಿ. ಕೈ ಬಿಟ್ಟಾಗ ಅದು ಮೊದಲಿದ್ದ ಜಾಗಕ್ಕೇ ಮರಳಬೇಕು.

ಫೆನ್ಸ್ ಎಷ್ಟು ದೂರ ಹೋಗಬೇಕು ಎಂಬ ಪ್ರಶ್ನೆಗೆ ಹಂತ 1ರ ಪಟ್ಟಿಯೇ ಉತ್ತರ. 1220 ಮಿ.ಮೀ. ಅಗಲದ ಹಾಳೆಯನ್ನು ನಡುವೆ ಸೀಳಲು 610 ಮಿ.ಮೀ. ಸಾಕು, ಆದ್ದರಿಂದ 620ರಿಂದ 760 ಮಿ.ಮೀ. ಸಾಮರ್ಥ್ಯ ಇದ್ದರೆ ಹವ್ಯಾಸಿಗೆ ಕೊರತೆಯಾಗದು. 1300 ಮಿ.ಮೀ.ವರೆಗೆ ಚಾಚುವ ಹಳಿಗಳು ಬಹುತೇಕ ಸಾಮಾನು ಪೇರಿಸಿಡುವ ಕಟ್ಟೆಯಾಗಿಯೇ ಉಳಿಯುತ್ತವೆ.

ಹಂತ 5: ಮೇಜು, ಕಾಲುವೆ ಮತ್ತು ಟ್ರನಿಯನ್

ಮೇಜಿನ ಮೇಲೆ ಉಕ್ಕಿನ ನೇರಪಟ್ಟಿಯನ್ನು ಕರ್ಣದ ಉದ್ದಕ್ಕೆ ನಿಲ್ಲಿಸಿ, ಅಡಿಯಲ್ಲಿ ಬೆಳಕು ಎಷ್ಟು ತೂರುತ್ತದೆಂದು ನೋಡಿ. ಇಡೀ ಮೇಜಿನಲ್ಲಿ ಕಾಲು ಮಿಲಿಮೀಟರಿನಷ್ಟು ತಗ್ಗು ಇದ್ದರೆ ಮರಗೆಲಸಕ್ಕೆ ಬಾಧಕವಿಲ್ಲ. ಬ್ಲೇಡಿನ ಅಕ್ಕಪಕ್ಕದ ಭಾಗ ಮಾತ್ರ ಸಮತಟ್ಟಾಗಿರಬೇಕು. ಮೈಟರ್ ಕಾಲುವೆ ಸುಮಾರು 19 ಮಿ.ಮೀ. ಅಗಲ ಮತ್ತು 9.5 ಮಿ.ಮೀ. ಆಳದ ಸಾಮಾನ್ಯ ಅಳತೆಯದಾಗಿದ್ದರೆ ಮುಂದೆ ಬೇರೆ ಮೈಟರ್ ಗೇಜ್, ಜಿಗ್ ಇತ್ಯಾದಿಗಳನ್ನು ಹೊಂದಿಸುವುದು ಸುಲಭ. ವಿಚಿತ್ರ ಅಳತೆಯ ಕಾಲುವೆ ಇರುವ ಅಗ್ಗದ ಯಂತ್ರ ಆಮೇಲೆ ಬಹಳ ಕಾಡುತ್ತದೆ.

ಬ್ಲೇಡನ್ನೂ ಮೋಟರನ್ನೂ ಹೊತ್ತು, ಏರಿಸಿ ಇಳಿಸಿ ಓರೆ ಮಾಡುವ ಅಡಿಗಟ್ಟಿಗೆ ಟ್ರನಿಯನ್ ಎನ್ನುತ್ತಾರೆ. ಅದು ಮೇಜಿನ ತಳಕ್ಕೆ ನೇತು ಬಿದ್ದಿದೆಯೇ, ಪೆಟ್ಟಿಗೆಗೆ ಜೋಡಿಸಿದೆಯೇ ಎಂದು ಬಗ್ಗಿ ನೋಡಿ. ಪೆಟ್ಟಿಗೆಗೆ ಜೋಡಿಸಿದ್ದರೆ ಮೇಜಿನ ಬೋಲ್ಟುಗಳನ್ನು ಸಡಿಲಿಸಿ ಮೇಜನ್ನೇ ಹೊರಳಿಸಿ ಬ್ಲೇಡಿಗೆ ಸರಿಹೊಂದಿಸಬಹುದು. ನೇತು ಬಿದ್ದದ್ದಾದರೆ ಒಳಗೆ ಕೈ ಹಾಕಿ ಒದ್ದಾಡಬೇಕು. ಬ್ಲೇಡ್ ಕಾಲುವೆಗೆ ಸಮಾಂತರವಾಗಿದೆಯೇ ಎಂದು ತಿಳಿಯಲು ಪ್ಲಗ್ ಕಿತ್ತು, ಬ್ಲೇಡನ್ನು ಪೂರ್ತಿ ಏರಿಸಿ, ಒಂದು ಹಲ್ಲಿಗೆ ಪೆನ್ನಿನಿಂದ ಗುರುತು ಹಾಕಿ. ಆ ಹಲ್ಲು ಮುಂದಿರುವಾಗ ಕಾಲುವೆಯಿಂದ ಎಷ್ಟು ದೂರವೆಂದು ಅಳೆದು, ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲು ಹಿಂದೆ ಬಂದಾಗ ಮತ್ತೆ ಅಳೆಯಿರಿ. ಅದೇ ಹಲ್ಲನ್ನು ಬಳಸುವುದಕ್ಕೆ ಕಾರಣವಿದೆ: ಬ್ಲೇಡ್ ಸ್ವಲ್ಪ ಸೊಟ್ಟಗಿದ್ದರೂ ಆ ದೋಷ ಎರಡೂ ಅಳತೆಗಳಲ್ಲಿ ಸಮನಾಗಿ ಸೇರಿ ಕಳೆದುಹೋಗುತ್ತದೆ. ವ್ಯತ್ಯಾಸ 0.1 ಮಿ.ಮೀ. ಒಳಗಿದ್ದರೆ ತೃಪ್ತಿಪಡಿ. ನಂತರ ಬ್ಲೇಡನ್ನು 45 ಡಿಗ್ರಿಗೆ ಓರೆ ಮಾಡಿ ಇದನ್ನೇ ಪುನಃ ನೋಡಿ. ಕೆಲವು ಯಂತ್ರಗಳು ನೇರ ನಿಂತಾಗ ಸಭ್ಯವಾಗಿದ್ದು, ವಾಲಿದಾಗ ಬುದ್ಧಿ ತೋರಿಸುತ್ತವೆ.

ವಾಲುವ ದಿಕ್ಕಿನ ಬಗ್ಗೆಯೂ ಒಂದು ಮಾತು. ಫೆನ್ಸ್ ಬಲಗಡೆ ಇರುವ ವಾಡಿಕೆಯಲ್ಲಿ ಎಡಕ್ಕೆ ವಾಲುವ ಬ್ಲೇಡ್ ಲೇಸು, ಏಕೆಂದರೆ ಓರೆ ಕೊಯ್ತದಲ್ಲಿ ಹಲಗೆ ಬ್ಲೇಡಿನ ಅಡಿ ಫೆನ್ಸಿಗೆ ಸಿಕ್ಕಿ ಬೀಳುವುದಿಲ್ಲ.

ಹಂತ 6: ಹಿಮ್ಮೊಗವಾಗಿ ಚಿಮ್ಮುವ ಹಲಗೆಯನ್ನು ಅರ್ಥ ಮಾಡಿಕೊಂಡು ಸುರಕ್ಷತೆ ಆರಿಸಿ

ಹತ್ತು ಅಂಗುಲದ, ಅಂದರೆ 254 ಮಿ.ಮೀ. ವ್ಯಾಸದ ಬ್ಲೇಡ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅದರ ಹಲ್ಲುಗಳು ಸೆಕೆಂಡಿಗೆ ಸುಮಾರು 53 ಮೀಟರ್, ಗಂಟೆಗೆ 190 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತವೆ. ಮುಂದಿನ ಹಲ್ಲುಗಳು ಮರವನ್ನು ಮೇಜಿಗೆ ಒತ್ತುತ್ತವೆ; ಹಿಂದಿನ ಹಲ್ಲುಗಳು ಮೇಜಿನಿಂದ ಮೇಲಕ್ಕೆ ಏಳುತ್ತವೆ. ಕೊಯ್ದ ಸೀಳು ಮರದ ಒಳಸೆಳೆತದಿಂದ ಮುಚ್ಚಿಕೊಂಡರೆ, ಇಲ್ಲವೇ ಫೆನ್ಸಿನ ಹಿಂತುದಿ ಬ್ಲೇಡಿನತ್ತ ವಾಲಿ ಹಲಗೆಯನ್ನು ಅದುಮಿದರೆ, ಆ ಹಿಂದಿನ ಹಲ್ಲುಗಳು ಹಲಗೆಯನ್ನು ಎತ್ತಿ ನಿಮ್ಮ ಹೊಟ್ಟೆಯ ಕಡೆಗೆ ಎಸೆಯುತ್ತವೆ. ಇದೇ ಕಿಕ್‌ಬ್ಯಾಕ್. ಹಲಗೆಯ ಹಿಂದೆಯೇ ನಿಮ್ಮ ಕೈಯೂ ಬ್ಲೇಡಿನತ್ತ ಸೆಳೆದುಹೋಗಬಹುದು. ಫೆನ್ಸಿನ ವಿಷಯದಲ್ಲಿ ನಾನು ಅಷ್ಟು ಹಟ ಹಿಡಿದದ್ದಕ್ಕೆ ಅಳತೆಯ ನಿಖರತೆ ಅರ್ಧ ಕಾರಣವಾದರೆ, ಉಳಿದರ್ಧ ಇದು.

ಇದನ್ನು ತಡೆಯುವ ಮುಖ್ಯ ಸಾಧನ ರೈವಿಂಗ್ ನೈಫ್: ಬ್ಲೇಡಿನ ಬೆನ್ನಿಗೇ ಅಂಟಿದಂತೆ ನಿಂತು, ಬ್ಲೇಡಿನ ಜೊತೆಗೇ ಏರಿ ಇಳಿದು ವಾಲುವ ಬಾಗಿದ ಉಕ್ಕಿನ ತಗಡು. ಅದು ಸೀಳನ್ನು ಮುಚ್ಚಗೊಡುವುದಿಲ್ಲ, ಹಲಗೆಯನ್ನು ಹಿಂದಿನ ಹಲ್ಲುಗಳಿಗೆ ತಾಗಗೊಡುವುದಿಲ್ಲ. ಹಳೆಯ ಯಂತ್ರಗಳಲ್ಲಿ ಇದೇ ಕೆಲಸಕ್ಕಿರುವ ಸ್ಪ್ಲಿಟರ್ ಎಂಬ ತಗಡು ಬ್ಲೇಡಿನೊಂದಿಗೆ ಏರಿಳಿಯುವುದಿಲ್ಲ. ಗ್ರೂವ್ ಕೊಯ್ಯಲು ಅದನ್ನು ಬಿಚ್ಚಲೇಬೇಕು, ಒಮ್ಮೆ ಬಿಚ್ಚಿದ್ದನ್ನು ಮತ್ತೆ ಜೋಡಿಸುವ ವ್ಯವಧಾನ ಬಹಳ ಜನರಿಗೆ ಇರುವುದಿಲ್ಲ. ರೈವಿಂಗ್ ನೈಫ್ ಇಲ್ಲದ ಯಂತ್ರವನ್ನು, ಎಷ್ಟೇ ಅಗ್ಗವಾಗಿ ಸಿಕ್ಕರೂ, ಹೊಸಬರು ಕೊಳ್ಳಕೂಡದೆಂಬುದು ನನ್ನ ಖಚಿತ ಅಭಿಪ್ರಾಯ. ಉಪಕರಣವಿಲ್ಲದೆ ಕೈಯಿಂದಲೇ ಅದನ್ನು ಹಾಕಿ ತೆಗೆಯಬಹುದೇ ಎಂದೂ ಪರೀಕ್ಷಿಸಿ. ಸ್ಪ್ಯಾನರ್ ಹುಡುಕಬೇಕಾದರೆ ನೀವು ಅದನ್ನು ಹಾಕುವುದಿಲ್ಲ. ಬ್ಲೇಡಿನ ಮೇಲಿನ ಮುಚ್ಚಳಕ್ಕೂ ಇದೇ ಮಾತು.

ಮುಂದಿನ ಮೆಟ್ಟಿಲು, ಚರ್ಮ ತಾಗಿದೊಡನೆ ನಿಲ್ಲುವ ಬ್ಲೇಡ್. ಭೌತಶಾಸ್ತ್ರ ಓದಿ ಪೇಟೆಂಟ್ ವಕೀಲರಾಗಿದ್ದ ಸ್ಟೀವ್ ಗ್ಯಾಸ್ 1999ರಲ್ಲಿ ಈ ಉಪಾಯ ಕಂಡುಹಿಡಿದರು. ಅವರ ಸಾಸ್ಟಾಪ್ ಕಂಪನಿಯ ಮೊದಲ ಯಂತ್ರ 2004ರಲ್ಲಿ ಮಾರುಕಟ್ಟೆಗೆ ಬಂತು. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿದ್ದು, ದೇಹ ತಾಗಿದಾಗ ಅದು ಬದಲಾಗುತ್ತದೆ. ಕೂಡಲೇ ಅಲ್ಯೂಮಿನಿಯಂ ತುಂಡೊಂದು ಹಲ್ಲುಗಳಿಗೆ ನುಗ್ಗಿ ಐದು ಮಿಲಿಸೆಕೆಂಡಿನೊಳಗೆ ಬ್ಲೇಡನ್ನು ನಿಲ್ಲಿಸುತ್ತದೆ. ಆಮೇಲೆ ಆ ತುಂಡಿರುವ ಕಾರ್ಟ್ರಿಜ್ ಹೋಯಿತು, ಸಾಮಾನ್ಯವಾಗಿ ಬ್ಲೇಡೂ ಹೋಯಿತು; ಬೆರಳು ಉಳಿಯಿತು. ಹಸಿ ಮರ ಅಥವಾ ಲೋಹ ತಾಗಿದರೂ ಅದು ಕೆಲಸ ಮಾಡಿಬಿಡಬಹುದು. ಕೈಗೆಟುಕುವುದಾದರೆ ಕೊಳ್ಳಿ, ಆದರೆ ಅದು ಕಿಕ್‌ಬ್ಯಾಕನ್ನು ತಡೆಯುವುದಿಲ್ಲವಾದ್ದರಿಂದ ರೈವಿಂಗ್ ನೈಫ್ ಆಗಲೂ ಬೇಕು.

ಸ್ವಿಚ್ಚು ಮೊಣಕಾಲಿನಿಂದ ತಳ್ಳಿ ಆರಿಸುವಷ್ಟು ದೊಡ್ಡದಾಗಿರಲಿ. ಕರೆಂಟು ಹೋಗಿ ಮತ್ತೆ ಬಂದಾಗ ಯಂತ್ರ ತಾನೇ ಚಾಲೂ ಆಗಬಾರದು. ಅಂಥ ಮ್ಯಾಗ್ನೆಟಿಕ್ ಸ್ವಿಚ್ಚು ಇದೆಯೇ ಎಂದು ಕೇಳಿ ತಿಳಿಯಿರಿ.

ಹಂತ 7: ಈಗ ಮೋಟರು

ಒಂದು ಎಚ್‌ಪಿ ಎಂದರೆ 746 ವ್ಯಾಟ್. ಈ ಒಂದು ಲೆಕ್ಕದಿಂದ ಎಷ್ಟೋ ಜಾಹೀರಾತುಗಳ ಬಣ್ಣ ಬಯಲಾಗುತ್ತದೆ. 120 ವೋಲ್ಟಿನ 15 ಆಂಪಿಯರ್ ಸಾಕೆಟ್ಟಿನಿಂದ ಸಿಗುವುದು ಹೆಚ್ಚೆಂದರೆ 1800 ವ್ಯಾಟ್. ಆದ್ದರಿಂದ ಅದಕ್ಕೆ ಸಿಕ್ಕಿಸುವ ಯಂತ್ರ 3 ಎಚ್‌ಪಿ, ಅಂದರೆ 2238 ವ್ಯಾಟ್, ಸತತವಾಗಿ ಕೊಡುತ್ತದೆಂಬುದು ಅಸಾಧ್ಯ. ‘ಪೀಕ್’ ಎಂಬ ಪದ ಕಂಡರೆ ಆ ಅಂಕಿಯನ್ನು ಮರೆತು, ಫಲಕದ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಓದಿ. 230 ವೋಲ್ಟ್ ಇರುವ ಕಡೆ ಅದೇ ಶಕ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟೇ ಕರೆಂಟು ಸಾಕು.

ಸರಿಯಾದ ಬ್ಲೇಡ್ ಹಾಕಿದರೆ 1.5ರಿಂದ 2 ಎಚ್‌ಪಿಯ ಇಂಡಕ್ಷನ್ ಮೋಟರು 50 ಮಿ.ಮೀ. ದಪ್ಪದ ಗಟ್ಟಿ ಮರವನ್ನು ನಿಧಾನವಾಗಿ, ಆದರೆ ಮುಗ್ಗರಿಸದೆ ಸೀಳುತ್ತದೆ. ಬೇರೆ ದೇಶದಿಂದ ಯಂತ್ರ ತರಿಸುವವರು ಫ್ರೀಕ್ವೆನ್ಸಿಯನ್ನೂ ನೋಡಬೇಕು: 60 ಹರ್ಟ್ಸ್‌ಗೆ ಮಾಡಿದ ಇಂಡಕ್ಷನ್ ಮೋಟರು 50 ಹರ್ಟ್ಸ್‌ನಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ಓಡುತ್ತದೆ, ಬಿಸಿಯೂ ಆಗಬಹುದು. ಹಳೆಯ ಕಾರ್ಖಾನೆಯ ಯಂತ್ರ ಅಗ್ಗವಾಗಿ ಬಂದರೆ ಅದು ಮೂರು ಫೇಸಿನದೇ ಎಂದು ಮೊದಲು ಕೇಳಿ. ತೆಳುವಾದ, ಉದ್ದನೆಯ ಎಕ್ಸ್‌ಟೆನ್ಷನ್ ವಯರು ಎಂಥ ಮೋಟರನ್ನೂ ಬಡಕಲು ಮಾಡುತ್ತದೆ.

ಹಂತ 8: ಬ್ಲೇಡ್, ಆರ್ಬರ್, ಹೊಟ್ಟು

ಹತ್ತು ಅಂಗುಲದ ಬ್ಲೇಡ್ ನೇರ ನಿಂತಾಗ ಸುಮಾರು 80 ಮಿ.ಮೀ., 45 ಡಿಗ್ರಿ ವಾಲಿದಾಗ 55 ಮಿ.ಮೀ. ಆಸುಪಾಸಿನ ದಪ್ಪ ಕೊಯ್ಯುತ್ತದೆ. ಹವ್ಯಾಸಿಗೆ ಇದೇ ಯೋಗ್ಯ ಅಳತೆ. ಬ್ಲೇಡ್ ಕೂರುವ ತಿರುಗುದಂಡದ, ಎಂದರೆ ಆರ್ಬರಿನ, ವ್ಯಾಸ ಅಮೆರಿಕದ ಮಾದರಿಗಳಲ್ಲಿ ಐದೆಂಟಾಂಶ ಅಂಗುಲ, ಎಂದರೆ 15.9 ಮಿ.ಮೀ.; ಯೂರೋಪಿನವುಗಳಲ್ಲಿ 30 ಮಿ.ಮೀ. ನಿಮಗೆ ಸುಲಭವಾಗಿ ಸಿಗುವ ಬ್ಲೇಡ್ ಯಾವುದೋ ಅದಕ್ಕೆ ಹೊಂದುವ ಯಂತ್ರವನ್ನೇ ಆರಿಸಿ. ಅಗಲದ ಗ್ರೂವ್ ಒಂದೇ ಸಲಕ್ಕೆ ತೆಗೆಯುವ ಡೇಡೊ ಬ್ಲೇಡ್ ಬೇಕೆನ್ನುವವರು ಆರ್ಬರಿನ ಉದ್ದವನ್ನು ನೋಡಬೇಕು. ಯೂರೋಪಿನ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಅಷ್ಟು ಉದ್ದವಿರುವುದಿಲ್ಲ.

ಯಂತ್ರದೊಂದಿಗೆ ಬರುವ ಬ್ಲೇಡಿನ ಮೇಲೆ ತೀರ್ಪು ಕೊಡಬೇಡಿ. ಸೀಳಲು 24 ಹಲ್ಲಿನದು, ಸಾಮಾನ್ಯ ಬಳಕೆಗೆ 40ರಿಂದ 50 ಹಲ್ಲಿನದು, ಪ್ಲೈವುಡ್ಡಿಗೆ 60ರಿಂದ 80 ಹಲ್ಲಿನದು ಎಂಬ ಸ್ಥೂಲ ನಿಯಮ ಸಾಕು. ಪೂರ್ಣ ಅಗಲದ ಬ್ಲೇಡ್ ಸುಮಾರು 3.2 ಮಿ.ಮೀ. ಮರ ತಿನ್ನುತ್ತದೆ, ತೆಳುವಾದದ್ದು 2.4 ಮಿ.ಮೀ.; ಕಡಿಮೆ ಬಲದ ಮೋಟರಿಗೆ ತೆಳುವಾದದ್ದು ಹಿತ. ಆದರೆ ರೈವಿಂಗ್ ನೈಫ್ ಬ್ಲೇಡಿನ ತಟ್ಟೆಗಿಂತ ದಪ್ಪವಾಗಿಯೂ ಅದರ ಹಲ್ಲಿನ ಅಗಲಕ್ಕಿಂತ ತೆಳುವಾಗಿಯೂ ಇರಬೇಕು, ಇಲ್ಲದಿದ್ದರೆ ಹಲಗೆ ನೈಫಿಗೇ ಬಂದು ಸಿಕ್ಕಿಕೊಳ್ಳುತ್ತದೆ.

ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್‌ಕಾರಕವಾದ ವಸ್ತುಗಳ ಗುಂಪಿಗೆ ಸೇರಿಸಿದೆ. ಪೆಟ್ಟಿಗೆಯ ಯಂತ್ರಗಳಲ್ಲಿ 100 ಮಿ.ಮೀ. ಕೊಳವೆಯ ಬಾಯಿ, ಚಿಕ್ಕವುಗಳಲ್ಲಿ 63 ಮಿ.ಮೀ. ಬಾಯಿ ಇರುತ್ತದೆ. ಬ್ಲೇಡಿನ ಸುತ್ತಲೇ ಒಳಕವಚ ಇರುವ ಯಂತ್ರ, ಕೇವಲ ಕೆಳಗೊಂದು ತೂತು ಇರುವುದಕ್ಕಿಂತ ಎಷ್ಟೋ ಮೇಲು.

ಹಂತ 9: ಹಳೆಯ ಯಂತ್ರ ಕೊಳ್ಳುವುದಾದರೆ

ಎರಕದ ಕಬ್ಬಿಣದ ಒಳ್ಳೆಯ ಯಂತ್ರಕ್ಕೆ ವಯಸ್ಸಾಗುವುದು ನಿಧಾನ. ಮೇಲ್ಮೈಯ ತುಕ್ಕು ಉಜ್ಜಿದರೆ ಹೋಗುತ್ತದೆ. ಬಿರುಕು ಹೋಗುವುದಿಲ್ಲ, ಆದ್ದರಿಂದ ಟ್ರನಿಯನ್ನಿನ ಭಾಗಗಳನ್ನು ಟಾರ್ಚ್ ಹಿಡಿದು ನೋಡಿ. ಬ್ಲೇಡ್ ತೆಗೆದು ಆರ್ಬರನ್ನು ಮೇಲೆ ಕೆಳಗೆ ಅಲುಗಾಡಿಸಿ. ಸಡಿಲವಿದ್ದರೆ ಬೇರಿಂಗ್ ಸವೆದಿದೆ. ಯಂತ್ರ ಚಾಲೂ ಮಾಡಿಸಿ, ಆರಿಸಿದ ಮೇಲೆ ಬ್ಲೇಡ್ ನಿಲ್ಲುವವರೆಗೂ ಕಿವಿಗೊಡಿ, ಏಕೆಂದರೆ ಬೇರಿಂಗಿನ ಗೊರಗೊರ ಮೋಟರಿನ ಸದ್ದು ಅಡಗಿದಾಗಲೇ ಕೇಳುವುದು. ಬೆಲ್ಟು, ಬೇರಿಂಗು ಬದಲಿಸುವುದು ದೊಡ್ಡ ಮಾತಲ್ಲ. ಫೆನ್ಸ್ ಕೆಟ್ಟದ್ದಾದರೂ ಹೊಸದನ್ನು ಹಾಕಿಸಬಹುದು. ರೈವಿಂಗ್ ನೈಫನ್ನು ಮಾತ್ರ, ಆ ಯಂತ್ರಕ್ಕೆ ಮೂಲದಲ್ಲೇ ಇಲ್ಲದಿದ್ದರೆ, ಆಮೇಲೆ ಸೇರಿಸುವುದು ಬಹುಮಟ್ಟಿಗೆ ಆಗದ ಮಾತು.

ಹಂತ 10: ಮನೆಗೆ ತಂದ ಮೊದಲ ದಿನ

ಮೊದಲು ಬ್ಲೇಡನ್ನು ಕಾಲುವೆಗೆ, ಆಮೇಲೆ ಫೆನ್ಸನ್ನು ಕಾಲುವೆಗೆ ಹೊಂದಿಸಿ. ಈ ಕ್ರಮ ತಲೆಕೆಳಗಾದರೆ ಎರಡನ್ನೂ ಮತ್ತೆ ಮಾಡಬೇಕಾಗುತ್ತದೆ. 90 ಮತ್ತು 45 ಡಿಗ್ರಿಯ ತಡೆಗಳನ್ನು ಮೂಲೆಮಟ್ಟದಿಂದ ಸರಿಪಡಿಸಿ. ಎರಕದ ಮೇಜಿಗೆ ಸಿಲಿಕೋನ್ ಇಲ್ಲದ ಪೇಸ್ಟ್ ವ್ಯಾಕ್ಸ್ ಹಚ್ಚಿ ಒರೆಸಿ. ತುಕ್ಕೂ ಹಿಡಿಯದು, ಹಲಗೆಯೂ ಜಾರುತ್ತದೆ. ನಂತರ ಅಂಚು ನೇರವಾಗಿರುವ ಒಂದು ಮೀಟರ್ ಉದ್ದದ ಹಲಗೆಯಿಂದ 50 ಮಿ.ಮೀ. ಅಗಲದ ಪಟ್ಟಿಯೊಂದನ್ನು, ತಳ್ಳುಕೋಲು ಹಿಡಿದು, ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಂತು ಸೀಳಿ, ಅದರ ಎರಡೂ ತುದಿಗಳನ್ನು ಕ್ಯಾಲಿಪರಿನಿಂದ ಅಳೆಯಿರಿ. ಅಗಲದಲ್ಲಿ 0.2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬ್ಲೇಡನ್ನು ದೂರುವ ಮೊದಲು ಫೆನ್ಸನ್ನೇ ಮತ್ತೆ ನೋಡಿ. ಫೆನ್ಸಿನ ಕಡೆ ಉಳಿದ ಪಟ್ಟಿಯ ಅಂಚು ಸುಟ್ಟು ಕಪ್ಪಾಗಿದ್ದರೆ ಫೆನ್ಸಿನ ಹಿಂತುದಿ ಬ್ಲೇಡಿನತ್ತ ಬಂದಿದೆ. ಆಚೆ ಬಿದ್ದ ತುಂಡಿನ ಅಂಚು ಸುಟ್ಟಿದ್ದರೆ ಅದು ಅಗತ್ಯಕ್ಕಿಂತ ಹೆಚ್ಚು ದೂರ ಸರಿದಿದೆ.